ಬೇರೆ, ಕೊಂಚ, ಮಧು: ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆಯೇ?

ನವೆಂಬರ್ ತಿಂಗಳು ಬಂತೆಂದರೆ ಭಾಷಣಗಳಲ್ಲಿ ತಪ್ಪದೆ ಕೇಳಿಬರುವ ಒಂದು ಮಾತಿದೆ: ‘ಎರಡನೆಯ ಶತಮಾನದ ಗ್ರೀಕ್ ನಾಟಕದಲ್ಲೇ ಕನ್ನಡದ ಮಾತುಗಳಿವೆ.’ ಉಡುಪಿ ಸುತ್ತಮುತ್ತಲಿನ ಸಭೆಯಾದರೆ ಇದಕ್ಕೆ ಇನ್ನೊಂದು ವಾಕ್ಯ ಸೇರುತ್ತದೆ: ‘ಆ ನಾಟಕ ನಡೆಯುವುದು ನಮ್ಮ ಮಲ್ಪೆಯಲ್ಲಿ’ ಅಥವಾ ‘ನಮ್ಮ ಉದ್ಯಾವರದಲ್ಲಿ’. ಚಪ್ಪಾಳೆ ಬೀಳುತ್ತದೆ, ಮಾತು ಮುಂದಕ್ಕೆ ಹೋಗುತ್ತದೆ. ಆ ಮಾತುಗಳು ಯಾವುವು, ಅವನ್ನು ಕನ್ನಡವೆಂದು ಓದಿದವರು ಯಾರು, ಯಾವ ಆಧಾರದ ಮೇಲೆ ಓದಿದರು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಅರ್ಥ ತಿಳಿಯದ ಒಂದು ಪದಕ್ಕೆ ಅರ್ಥ ಹಚ್ಚುವುದು ಎಂದರೇನು ಎಂಬುದನ್ನು ಕಲಿಯಲು ನಮ್ಮ ಊರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಮೊದಲು ವಸ್ತುಸ್ಥಿತಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ವಿದ್ವಾಂಸರು 1896ರಿಂದ ಅಗೆಯತೊಡಗಿದರು. ಪತ್ರ, ಲೆಕ್ಕ, ಕರಾರು, ಕಾವ್ಯ ಎಲ್ಲವೂ ಪಪೈರಸ್ ಚೂರುಗಳಾಗಿ ರಾಶಿರಾಶಿಯಾಗಿ ಸಿಕ್ಕವು. 1903ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯಡಿ ಒಂದು ಪ್ರಹಸನ ಅಚ್ಚಾಯಿತು. ಪ್ರತಿಯ ಕಾಲ ಸುಮಾರು ಕ್ರಿ.ಶ. ಎರಡನೆಯ ಶತಮಾನ. ಇದು ಓದುವ ನಾಟಕವಲ್ಲ, ಆಡುವವರ ಕೈಪ್ರತಿ. ಪಾತ್ರಗಳ ಹೆಸರಿನ ಬದಲು ಹೆಚ್ಚಾಗಿ ಗ್ರೀಕ್ ಅಕ್ಷರಗಳ ಗುರುತು. ಎಲ್ಲಿ ಚಂಡೆ ಬಾರಿಸಬೇಕು, ಎಲ್ಲಿ ತಾಳ ಕುಟ್ಟಬೇಕು ಎಂಬುದಕ್ಕೂ ಚಿಹ್ನೆಗಳಿವೆ. ನಮ್ಮ ಯಕ್ಷಗಾನದ ಭಾಗವತರು ಇಂಥ ಪ್ರತಿಯನ್ನು ನೋಡಿದರೆ ಅಪರಿಚಿತ ವಸ್ತು ಎನ್ನಲಾರರು.

ಕಥೆ ಸರಳ. ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕಡಲತೀರದ ಒಬ್ಬ ಅರಸನ ಕೈಯಲ್ಲಿ ಸೆರೆಯಾಗಿದ್ದಾಳೆ. ಚಂದ್ರದೇವತೆಯ ಗುಡಿಯಲ್ಲಿ ಇದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ, ಜೊತೆಗೊಬ್ಬ ವಿದೂಷಕ. ಹೊರಡುವ ಮೊದಲು ಗುಡಿಯ ಕಾಣಿಕೆಯನ್ನೂ ಹೊತ್ತುಕೊಂಡು ಹೋಗೋಣ ಎಂದು ವಿದೂಷಕನ ಆಸೆ; ದೇವರ ಸೊತ್ತು ಕದಿಯಬಾರದು ಎಂದು ಅವಳು ತಡೆಯುತ್ತಾಳೆ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುವವರು. ಆ ಊರಿನವರಿಗೆ ಅದರ ಅಭ್ಯಾಸವಿಲ್ಲ ಎಂದು ತಿಳಿದು, ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನೇ ಕುಡಿಸುತ್ತಾರೆ; ಮತ್ತೇರಿದ ಅರಸನನ್ನು ಕಟ್ಟಿಹಾಕಿ ಹಡಗು ಹತ್ತುತ್ತಾರೆ. ಯೂರಿಪಿಡಿಸ್ ಬರೆದ ಇಫಿಜೀನಿಯಾ ಕಥೆಯನ್ನು ಅಣಕಿಸಿದ ಹಾಗೆ ಇಡೀ ಪ್ರಹಸನ ಇದೆ. ವಿದೂಷಕನ ಹೂಸೇ ಶತ್ರುಗಳನ್ನು ಓಡಿಸುವ ಅಸ್ತ್ರ ಎಂದರೆ ಹಾಸ್ಯದ ಮಟ್ಟ ಗೊತ್ತಾಗುತ್ತದೆ.

ಈ ನಾಟಕದಲ್ಲಿ ಭಾರತದ ಅರಸನೂ ಅವನ ಜನರೂ ಆಗಾಗ ಗ್ರೀಕ್ ಅಲ್ಲದ ಮಾತು ಆಡುತ್ತಾರೆ. ಅಕ್ಷರ ಗ್ರೀಕ್, ಮಾತು ಬೇರೆ. 1904ರಲ್ಲಿ ಜರ್ಮನಿಯ ಇ. ಹುಲ್ಟ್ಶ್ ಅವರು ಇದು ಕನ್ನಡವಿರಬಹುದು ಎಂದರು. ಅವರು ಹವ್ಯಾಸಿಯಲ್ಲ, ಮದರಾಸು ಸರಕಾರದ ಶಾಸನತಜ್ಞರಾಗಿ ವರ್ಷಗಟ್ಟಲೆ ದುಡಿದು ದಕ್ಷಿಣ ಭಾರತದ ಶಾಸನ ಸಂಪುಟಗಳನ್ನು ಸಂಪಾದಿಸಿದವರು. ಅವರ ಕಣ್ಣಿಗೆ ಬಿದ್ದ ಪದಗಳು ಇವು: ‘ಬೆರೆ’, ‘ಕೊನ್‌ಜೆಯ್’, ‘ದಮುನ್’, ‘ಪೆತ್ರೆಕಿಒ’, ‘ಪಕ್ತೆಯ್’. ಇವನ್ನು ಅವರು ಬೇರೆ, ಕೊಂಚ, ಮಧು, ಪಾತ್ರಕ್ಕೆ, ಹಾಕಿ ಎಂದು ಓದಿದರು. ಬೇರೆಯಾಗಿ ಕೊಂಚ ಮದ್ಯವನ್ನು ಪಾತ್ರೆಗೆ ಹಾಕಿ ಎಂದು ಅರ್ಥ. ಕುಡಿತದ ದೃಶ್ಯದಲ್ಲಿ ಕುಡಿತದ ಮಾತು.

ಈ ಸಣ್ಣ ಓದಿನ ಮೇಲೆ ಎಷ್ಟು ಭಾರ ನಿಂತಿದೆ ಎಂದು ಗಮನಿಸಿ. ಕನ್ನಡದ ಪೂರ್ಣ ಶಾಸನವೆಂದು ನಾವು ಹೆಸರಿಸುವ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಹುಲ್ಟ್ಶ್ ಓದು ನಿಂತರೆ ಕನ್ನಡದ ವಾಕ್ಯಗಳು ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಹೋಗುತ್ತವೆ, ಅದೂ ಕಡಲಾಚೆಯ ನೆಲದಲ್ಲಿ. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಯವರು 1920ರ ದಶಕದಲ್ಲಿ ಈ ಪ್ರಹಸನವನ್ನು ಮತ್ತೆ ಎತ್ತಿಕೊಂಡು ಕನ್ನಡದ ಓದನ್ನು ವಿಸ್ತರಿಸಿದರು. ಮಂಜೇಶ್ವರದ ಗೋವಿಂದ ಪೈಯವರು ಘಟನೆಯ ಸ್ಥಳ ಆಳುಪರ ರಾಜಧಾನಿ ಉದ್ಯಾವರ ಎಂದರು. 1936ರಲ್ಲಿ ತುಳುವ ಇತಿಹಾಸದ ದೊಡ್ಡ ಗ್ರಂಥ ಬರೆದ ಭಾಸ್ಕರ ಆನಂದ ಸಾಲೆತ್ತೂರರು ಅದನ್ನು ಒಪ್ಪದೆ, ಮಲ್ಪೆ ಬಳಿಯ ವಡಭಾಂಡೇಶ್ವರವೇ ಆ ಸ್ಥಳ ಎಂದರು. 1980ರ ದಶಕದಲ್ಲಿ ಪಿ. ಎಸ್. ರೈ ಅವರು ಭಾಷೆ ಕನ್ನಡವಲ್ಲ, ತುಳು ಎಂದು ವಾದಿಸಿದರು. ಉದ್ಯಾವರಕ್ಕೂ ಮಲ್ಪೆಗೂ ನಡುವೆ ಇರುವುದು ಕೆಲವೇ ಮೈಲಿ. ಆದರೆ ಸ್ಥಳದ ಜಗಳಕ್ಕೆ ಮೊದಲು ಭಾಷೆಯ ಪ್ರಶ್ನೆ ತೀರಬೇಕಿತ್ತು; ಅದು ತೀರಿರಲಿಲ್ಲ.

ಸತ್ತ ಭಾಷೆಯ ಅಥವಾ ಅಪರಿಚಿತ ಭಾಷೆಯ ಒಂದು ಪದಕ್ಕೆ ಅರ್ಥ ಖಚಿತವಾಗುವುದು ಹೇಗೆ? ಒಂದು ಉದಾಹರಣೆ ನೋಡೋಣ. ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿ ಲಿಡಿಯಾ ಎಂಬ ರಾಜ್ಯವಿತ್ತು, ರಾಜಧಾನಿ ಸಾರ್ಡಿಸ್. ಕ್ರಿ.ಪೂ. ಆರನೆಯ ಶತಮಾನದ ಗ್ರೀಕ್ ಕವಿ ಹಿಪ್ಪೊನಾಕ್ಸ್ ಅರಸ ಎಂಬರ್ಥದಲ್ಲಿ ‘ಪಲ್ಮುಸ್’ ಎಂಬ ಪದ ಬಳಸಿದ್ದ. ಅದು ಗ್ರೀಕ್ ಪದವಲ್ಲ, ನೆರೆಯ ಲಿಡಿಯನ್ನರಿಂದ ಬಂದದ್ದು ಎಂಬ ನಂಬಿಕೆ ಹಿಂದಿನಿಂದಲೂ ಇತ್ತು. ನಂಬಿಕೆ ಸಾಕ್ಷ್ಯವಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ತಂಡ ಸಾರ್ಡಿಸ್‌ನಲ್ಲಿ ಉತ್ಖನನ ನಡೆಸಿತು. ಲಿಡಿಯನ್ ಮತ್ತು ಅರಾಮಿಕ್ ಎರಡರಲ್ಲೂ ಕೆತ್ತಿದ ಶಾಸನ ಸಿಕ್ಕಿತು. 1916ರಲ್ಲಿ ಎನ್ನೊ ಲಿಟ್‌ಮನ್ ಅದನ್ನು ಪ್ರಕಟಿಸಿದರು. ಅರಾಮಿಕ್ ಗೊತ್ತಿದ್ದ ಭಾಷೆ. ಅದರ ಕೈ ಹಿಡಿದು ಲಿಡಿಯನ್ನಿನ ವ್ಯಾಕರಣ ಮೆಲ್ಲಗೆ ತೆರೆದುಕೊಂಡಿತು. ಲಿಡಿಯನ್ ಶಾಸನಗಳಲ್ಲಿ ಅರ್ತಾಕ್ಸರ್ಕ್ಸಿಸ್ ಎಂಬ ಪಾರಸಿಕ ದೊರೆಯ ಹೆಸರಿನ ಪಕ್ಕದಲ್ಲೇ ‘ಕ್ವಲ್ಮ್‌ಲು’ ಎಂಬಂಥ ಪದ ಬರುತ್ತದೆ. ದೊರೆಯ ಹೆಸರಿನ ಪಕ್ಕ ಅರಸ ಎಂಬ ಪದವಲ್ಲದೆ ಇನ್ನೇನು ಬರಬೇಕು? ‘ಕ್ವ’ ಧ್ವನಿ ಗ್ರೀಕರ ಬಾಯಲ್ಲಿ ‘ಪ’ ಆಗುವುದಕ್ಕೂ ಸಕಾರಣವಿತ್ತು. ಹಿಪ್ಪೊನಾಕ್ಸನ ಪದ ಹೀಗೆ ಗಟ್ಟಿಯಾಯಿತು.

ಇಲ್ಲಿ ಮೂರು ಸಾಕ್ಷಿಗಳು ಕೂಡಿಬಂದವು. ಒಂದು, ಗ್ರೀಕರೇ ಕೊಟ್ಟ ಅರ್ಥ. ಎರಡು, ಆ ಭಾಷೆಯದೇ ಬರಹ. ಮೂರು, ಎರಡರ ನಡುವಿನ ಧ್ವನಿವ್ಯತ್ಯಾಸಕ್ಕೆ ನಿಯಮ. ಇದೇ ತಕ್ಕಡಿಯಲ್ಲಿ ನಮ್ಮ ಐದು ಪದಗಳನ್ನು ತೂಗಬೇಕು.

‘ಬೆರೆ’ಯಿಂದ ಆರಂಭಿಸೋಣ. ತಮಿಳಿನಲ್ಲಿ ವೇಱು, ತೆಲುಗಿನಲ್ಲಿ ವೇರು, ಕನ್ನಡದಲ್ಲಿ ಬೇರೆ. ಪದದ ಮೊದಲ ವಕಾರ ಬಕಾರವಾಗುವುದು ಕನ್ನಡದ ಗುರುತು. ಹಲ್ಮಿಡಿಯಲ್ಲೇ ‘ಬಾಳ್ಗೞ್ಚು’ ಎಂಬ ಪದವಿದೆ. ತಮಿಳಿನ ವಾಳ್ ಅಲ್ಲಿ ಬಾಳ್ ಆಗಿದೆ. ಹಾಗಾದರೆ ‘ಬೆರೆ’ ಎಂಬಲ್ಲಿನ ಬಕಾರ ಕನ್ನಡದ ಪರ ಒಳ್ಳೆಯ ಸಾಕ್ಷಿ ಎನ್ನಿಸುತ್ತದೆ. ತುಳುವಿನ ರೂಪ ಬೇತೆ. ಆದ್ದರಿಂದ ಈ ಪದ ತುಳುವಿಗಿಂತ ಕನ್ನಡಕ್ಕೇ ಹತ್ತಿರ. ಆದರೆ ಒಂದು ತೊಡಕಿದೆ. ರೋಮನ್ ಕಾಲದ ಈಜಿಪ್ಟಿನಲ್ಲಿ ಗ್ರೀಕ್ ಬೀಟಾ ಅಕ್ಷರದ ಉಚ್ಚಾರಣೆ ಬಕಾರದಿಂದ ವಕಾರದ ಕಡೆಗೆ ಸರಿಯುತ್ತಿತ್ತು. ಲ್ಯಾಟಿನ್ ಹೆಸರುಗಳ ವಕಾರವನ್ನು ಬೀಟಾದಿಂದ ಬರೆದ ಉದಾಹರಣೆಗಳೂ ಇವೆ. ಹಾಗೆಯೇ ಈಟಾ ಅಕ್ಷರ ಇಕಾರದ ಕಡೆಗೆ ಹೊರಟಿತ್ತು. ಅಂದರೆ ಲಿಪಿಕಾರ ಬರೆದದ್ದು ‘ಬೇರೆ’ಯೋ ‘ವೇರಿ’ಯೋ ಎಂದು ಅಕ್ಷರ ನೋಡಿ ಹೇಳುವಂತಿಲ್ಲ. ಕನ್ನಡದ ಗುರುತು ಎಂದುಕೊಂಡದ್ದು ಗ್ರೀಕ್ ಲಿಪಿಯಲ್ಲಿ ಅಳಿಸಿಹೋಗುತ್ತದೆ.

‘ಕೊನ್‌ಜೆಯ್’ ಕೊಂಚವೇ ಇರಲಿ ಎನ್ನೋಣ. ಗ್ರೀಕಿನಲ್ಲಿ ಚಕಾರವಿಲ್ಲ, ಜಕಾರದಂಥ ಅಕ್ಷರ ಬಳಸುವುದು ಸಹಜ. ಆದರೆ ಕೊಂಚ ಕನ್ನಡಕ್ಕೆ ಮಾತ್ರ ಸೇರಿದ ಪದವಲ್ಲ. ತಮಿಳಿನಲ್ಲಿ ಕೊಂಜಂ, ತೆಲುಗಿನಲ್ಲಿ ಕೊಂಚೆಮು ಇವೆ. ಪಾತ್ರ ಸಂಸ್ಕೃತ, ಮಧು ಸಂಸ್ಕೃತ. ಭಾರತದ ಯಾವ ಭಾಷೆಯ ಬಾಯಲ್ಲಾದರೂ ಬರಬಹುದು. ‘ದಮುನ್’ ಮಧುವಾಗಬೇಕಾದರೆ ದಕಾರ ಮಕಾರಗಳು ಜಾಗ ಬದಲಿಸಬೇಕು. ಕರಾವಳಿಯವರು ಕುಡಿಯುವ ದ್ರವ್ಯಕ್ಕೆ ಹೇಳುವ ಪದ ಕನ್ನಡದಲ್ಲಿ ಕಳ್, ತುಳುವಿನಲ್ಲಿ ಕಲಿ. ಹಡಗಿನಲ್ಲಿ ಬಂದ ಪರದೇಶದ ದ್ರವ್ಯಕ್ಕೆ ಅರಸ ಸಂಸ್ಕೃತದ ಹೆಸರು ಹೇಳಿದ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಸಮಾಧಾನ ಮಾಡಿಕೊಳ್ಳಬೇಕಾಗಿ ಬಂತು ಎಂಬುದೇ ಓದಿನ ಬಲವನ್ನು ಒಂದಿಷ್ಟು ತಗ್ಗಿಸುತ್ತದೆ.

‘ಪಕ್ತೆಯ್’ ಎಂಬುದು ಹಾಕಿ. ಕನ್ನಡದ ಪಕಾರ ಹಕಾರವಾದದ್ದು ಬಹಳ ತಡವಾಗಿ, ಹತ್ತನೆಯ ಶತಮಾನದ ಸುಮಾರಿನಿಂದ. ಹಾಕು ಎಂಬುದರ ಹಳಗನ್ನಡ ರೂಪ ‘ಪಾಯ್ಕು’. ಆದ್ದರಿಂದ ಪಪೈರಸ್ಸಿನ ಪಕಾರ ಹುಲ್ಟ್ಶ್ ಅವರ ಹೊಸಗನ್ನಡ ರೂಪಕ್ಕಿಂತ ಹಳೆಯ ಕನ್ನಡಕ್ಕೇ ಹೊಂದುತ್ತದೆ. ಇದು ಓದಿನ ಪರ. ಆದರೆ ನಡುವಿನ ತಕಾರ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಬೇಕು.

ಈ ಓದಿನ ಅತ್ಯಂತ ಬಲವಾದ ಭಾಗ ಇನ್ನೊಂದು ಕಡೆಯ ಮಾತಿನಲ್ಲಿದೆ. ಅಲ್ಲಿನ ಅಕ್ಷರಸರಣಿಯನ್ನು ಹುಲ್ಟ್ಶ್ ಹೀಗೆ ಒಡೆದರು: ‘ಪನುಮ್’ ಎಂದರೆ ಪಾನಂ, ‘ಬ್ರೇತಿ’ ಎಂದರೆ ಬೇರೆತ್ತಿ, ‘ಕತೆ’ ಎಂದರೆ ಕಟ್ಟಿ, ‘ಮನುಅಮ್’ ಎಂದರೆ ಮಧುವಂ, ‘ಬ್ರೇತುವೆನಿ’ ಎಂದರೆ ಬೇರೆತ್ತುವೆನು. ಪಾತ್ರೆಯನ್ನು ಬೇರೆಯಾಗಿ ಎತ್ತಿ, ಮುಚ್ಚಿ, ಮಧುವನ್ನು ಬೇರೆಯಾಗಿ ಎತ್ತುವೆನು ಎಂದು ತಾತ್ಪರ್ಯ. ಇಲ್ಲಿ ಬಿಡಿ ಪದಗಳ ಹೋಲಿಕೆಗಿಂತ ಹೆಚ್ಚಿನದು ಇದೆ. ಎರಡು ಕರ್ಮಪದಗಳೂ ಅನುಸ್ವಾರದಲ್ಲಿ ಮುಗಿಯುತ್ತವೆ. ಹಳಗನ್ನಡದ ದ್ವಿತೀಯಾ ವಿಭಕ್ತಿಯೂ ಹಾಗೆಯೇ. ಒಂದೇ ಧಾತು ಒಮ್ಮೆ ‘-ಇ’ಯಲ್ಲಿ, ಇನ್ನೊಮ್ಮೆ ‘-ಉವೆನ್’ ಎಂಬಂಥ ಕೊನೆಯಲ್ಲಿ ಬರುತ್ತದೆ. ಕ್ರಿಯಾಪದ ಕೊನೆಗೆ ಬರುತ್ತದೆ. ಪದಗಳು ಆಕಸ್ಮಿಕವಾಗಿ ಹೋಲಬಹುದು, ವ್ಯಾಕರಣ ಅಷ್ಟು ಸುಲಭವಾಗಿ ಹೋಲುವುದಿಲ್ಲ. ಕನ್ನಡದ ಪರ ವಾದಿಸುವವರು ನೆಚ್ಚಬೇಕಾದದ್ದು ಇದನ್ನು. ಭಾಷಣಗಳಲ್ಲಿ ಮಾತ್ರ ಯಾವಾಗಲೂ ಕೇಳಿಬರುವುದು ‘ಕೊಂಚ ಮಧು’.

ಆದರೆ ಇಲ್ಲೂ ಒಂದು ಪರೀಕ್ಷೆ ಇದೆ. ಒಂದೇ ನಾಟಕ, ಒಂದೇ ಲಿಪಿಕಾರ. ಮಧು ಎಂಬ ಪದ ಒಂದು ಕಡೆ ‘ದಮುನ್’ ಆಗಿದೆ, ಇನ್ನೊಂದು ಕಡೆ ‘ಮನು’ ಆಗಿದೆ. ‘ಬೇರೆ’ ಒಂದು ಕಡೆ ‘ಬೆರೆ’, ಇನ್ನೊಂದು ಕಡೆ ಸ್ವರವನ್ನೇ ಕಳೆದುಕೊಂಡ ‘ಬ್ರ್’. ಒಂದೇ ಪದ ಎರಡು ಕಡೆ ಎರಡು ರೀತಿ ಕೆಡಬಹುದು. ಭಾಷೆ ತಿಳಿಯದವನು ನಕಲು ಮಾಡಿದರೆ ಹಾಗಾಗುವುದುಂಟು. ಆದರೆ ಹಾಗೆ ಕೆಟ್ಟಿದೆ ಎಂದು ನಾವು ಹೇಳುವುದು ಅದು ಮಧು ಎಂದು ಮೊದಲೇ ಒಪ್ಪಿಕೊಂಡ ಮೇಲೆ. ದೃಶ್ಯ ಕುಡಿತದ್ದು, ಆದ್ದರಿಂದ ಪದ ಮಧು. ಪದ ಮಧು, ಆದ್ದರಿಂದ ಭಾಷೆ ಕನ್ನಡ. ಭಾಷೆ ಕನ್ನಡ, ಆದ್ದರಿಂದ ‘ದಮುನ್’ ಲಿಪಿಕಾರನ ತಪ್ಪು. ಈ ವಾದ ತನ್ನ ಬಾಲವನ್ನೇ ಹಿಡಿದುಕೊಂಡು ಸುತ್ತುತ್ತದೆ.

ಇನ್ನೊಂದು ತೊಂದರೆ, ಪಪೈರಸ್ಸಿನಲ್ಲಿ ಪದಗಳ ನಡುವೆ ಜಾಗವಿಲ್ಲ. ನಮ್ಮ ಶಾಸನಗಳೂ ಹಾಗೆಯೇ. ಆದರೆ ಅಲ್ಲಿ ಭಾಷೆ ಗೊತ್ತಿರುವುದರಿಂದ ಪದ ಬಿಡಿಸುತ್ತೇವೆ. ಇಲ್ಲಿ ಪದ ಬಿಡಿಸುವವರೇ ಭಾಷೆಯನ್ನು ನಿರ್ಧರಿಸುತ್ತಾರೆ. ಗ್ರೀಕಿನಲ್ಲಿ ಟಕಾರ ತಕಾರ ಬೇರೆಯಿಲ್ಲ, ಲಕಾರ ಳಕಾರ ಬೇರೆಯಿಲ್ಲ, ನಕಾರ ಣಕಾರ ಬೇರೆಯಿಲ್ಲ, ಅಕಾರದ ಹ್ರಸ್ವ ದೀರ್ಘಗಳಿಗೆ ಬೇರೆ ಅಕ್ಷರವಿಲ್ಲ. ಒಂದೊಂದು ಅಕ್ಷರಕ್ಕೂ ಎರಡು ಮೂರು ಆಯ್ಕೆ ಇದ್ದಾಗ ಹೋಲುವ ಪದ ಸಿಗದಿದ್ದರೇ ಆಶ್ಚರ್ಯ. ಅಪ್ಪಟ ಗ್ರೀಕ್ ಪದಗಳನ್ನೇ ನೋಡಿ: ‘ಅಲ್ಲಾ’ ಎಂದರೆ ಆದರೆ, ‘ಎತಿ’ ಎಂದರೆ ಇನ್ನೂ, ‘ಮಾಲ’ ಎಂದರೆ ಬಹಳ. ಗ್ರೀಕ್ ಬಾರದ ಕನ್ನಡಿಗನೊಬ್ಬ ಇವನ್ನು ಅಲ್ಲ, ಎತ್ತಿ, ಮಾಲೆ ಎಂದು ಓದಿ ಒಂದು ವಾಕ್ಯವನ್ನೇ ಕಟ್ಟಬಹುದು. ‘ಮಲ್ಪಿನಿ’ ಎಂದು ಶುರುವಾಗುವ ಒಂದು ಸರಣಿ ಪ್ರಹಸನದಲ್ಲಿದೆ. ಅದರಲ್ಲಿ ಮಲ್ಪೆ ಬಂದರನ್ನು ಕಂಡವರಿದ್ದಾರೆ. ಮಾಡುವುದು ಎಂಬರ್ಥದ ತುಳುವಿನ ‘ಮಲ್ಪುನಿ’ಯನ್ನು ಕಂಡವರೂ ಇದ್ದಾರೆ. ಎರಡೂ ಏಕಕಾಲಕ್ಕೆ ನಿಜವಾಗಲಾರವು. ಎರಡೂ ಇಷ್ಟು ಸಲೀಸಾಗಿ ಹೊಂದುತ್ತವೆ ಎಂಬುದೇ ಎಚ್ಚರಿಕೆಯ ಗಂಟೆ.

ಲಿಡಿಯನ್ ಪದದ ವಿಷಯದಲ್ಲಿದ್ದ ಮೊದಲ ಸಾಕ್ಷಿ, ಅಂದರೆ ಗ್ರೀಕರೇ ಕೊಟ್ಟ ಅರ್ಥ, ಈ ನಾಟಕದಲ್ಲಿ ಒಂದು ಕಡೆ ಸಿಗುತ್ತದೆ. ಅರಸ ‘ಬ್ರಥಿಸ್’ ಎನ್ನುತ್ತಾನೆ, ಜನರೂ ಅದನ್ನೇ ಕೂಗುತ್ತಾರೆ. ಇವರು ಏನು ಹೇಳುತ್ತಿದ್ದಾರೆ ಎಂದು ಗ್ರೀಕನೊಬ್ಬ ಕೇಳಿದರೆ, ಪಾಲು ಯಾರಿಗೆಷ್ಟು ಎಂದು ಚೀಟಿ ಎತ್ತೋಣ ಎನ್ನುತ್ತಿದ್ದಾರೆ ಎಂಬ ಅರ್ಥದ ಉತ್ತರ ಬರುತ್ತದೆ. ಪಾಲು, ಹಂಚಿಕೆ, ಚೀಟಿ ಎಂಬ ಅರ್ಥದಲ್ಲಿ ಈ ಪದಕ್ಕೆ ಹೊಂದುವ ರೂಪ ಕನ್ನಡದಲ್ಲೂ ತುಳುವಿನಲ್ಲೂ ಸುಲಭಕ್ಕೆ ಕಾಣುವುದಿಲ್ಲ. ಅರ್ಥ ಗೊತ್ತಿಲ್ಲದ ಕಡೆ ಕನ್ನಡ ಹೊಂದುತ್ತದೆ, ಅರ್ಥ ಕೊಟ್ಟ ಕಡೆ ಹೊಂದುವುದಿಲ್ಲ. ಅನುವಾದ ಮಾಡಿದವನು ತಮಾಷೆಗೆ ಏನೋ ಹೇಳಿದ್ದಾನೆ ಎನ್ನಬಹುದು, ಪ್ರಹಸನವಲ್ಲವೇ. ಹಾಗೆಂದರೆ ನಾಟಕದ ಸಂದರ್ಭವನ್ನು ನಂಬಿ ಮಧು ಎಂದು ಓದುವುದೂ ಅಷ್ಟೇ ಅನುಮಾನಾಸ್ಪದವಾಗುತ್ತದೆ.

1926ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಎಲ್. ಡಿ. ಬಾರ್ನೆಟ್ ಈ ‘ಕನ್ನಡ ಮಾತು’ಗಳನ್ನು ಪರಿಶೀಲಿಸಿ ಒಪ್ಪಲಿಲ್ಲ. ಅಂದಿನಿಂದ ಕರ್ನಾಟಕದ ಹೊರಗಿನ ಬಹುಪಾಲು ವಿದ್ವಾಂಸರು ಇದನ್ನು ಪ್ರಮಾಣವೆಂದು ತೆಗೆದುಕೊಂಡಿಲ್ಲ. ರಂಗಭೂಮಿಯ ಮೇಲೆ ಪರಭಾಷೆ ಎರಡು ರೀತಿ ಬರುತ್ತದೆ. ಅರಿಸ್ಟೋಫನಿಸ್ ತನ್ನ ಒಂದು ನಾಟಕದಲ್ಲಿ ಪಾರಸಿಕ ದೂತನ ಬಾಯಲ್ಲಿ ಪಾರಸಿಕದಂತೆ ಕೇಳುವ ತೊದಲು ಹಾಕಿದ್ದಾನೆ; ಅದು ಅರ್ಥಕ್ಕಲ್ಲ, ನಗುವಿಗೆ. ಲ್ಯಾಟಿನ್ ನಾಟಕಕಾರ ಪ್ಲಾಟಸ್ ಕಾರ್ತೇಜಿನವನ ಬಾಯಲ್ಲಿ ನಿಜವಾದ ಪ್ಯೂನಿಕ್ ಭಾಷೆಯನ್ನೇ ಆಡಿಸಿದ್ದಾನೆ. ನಕಲುಗಾರರ ಕೈಯಲ್ಲಿ ಅದು ಕೆಟ್ಟರೂ ಗುರುತಿಸಲು ಸಾಧ್ಯವಾಯಿತು, ಏಕೆಂದರೆ ಅದೇ ಮಾತಿನ ಲ್ಯಾಟಿನ್ ರೂಪವೂ ನಾಟಕದಲ್ಲಿದೆ, ಪ್ಯೂನಿಕ್ ಶಾಸನಗಳೂ ಇವೆ. ಖಾರಿಟಿಯಾನ್ ಪ್ರಹಸನ ಈ ಎರಡರಲ್ಲಿ ಯಾವುದಕ್ಕೆ ಸೇರಿದ್ದು ಎಂಬುದೇ ಮೂಲ ಪ್ರಶ್ನೆ. ಅದರಲ್ಲಿ ಬರುವ ನದಿಯ ಹೆಸರು ‘ಪ್ಸೋಲಿಖೊಸ್’. ಗ್ರೀಕ್ ಕಿವಿಗೆ ಪೋಲಿ ಶ್ಲೇಷೆಯಂತೆ ಕೇಳುವ ಆ ಹೆಸರನ್ನು ನೋಡಿದರೆ ಬರೆದವನಿಗೆ ನಮ್ಮ ಭೂಗೋಳದ ಚಿಂತೆ ಹೆಚ್ಚೇನೂ ಇದ್ದಂತಿಲ್ಲ.

ಹಾಗಾದರೆ ಇದೆಲ್ಲ ಬರೀ ಕಲ್ಪನೆಯೇ? ಅದೂ ಅಲ್ಲ. ಈಜಿಪ್ಟಿಗೂ ನಮ್ಮ ಪಶ್ಚಿಮ ಕರಾವಳಿಗೂ ಆ ಕಾಲದಲ್ಲಿ ಗಟ್ಟಿ ನಂಟು ಇತ್ತು. ಹರ್ಮಪೊಲ್ಲೊನ್ ಎಂಬ ಹಡಗಿನ ಸರಕಿಗೆ ಸಂಬಂಧಿಸಿದ, ಮುಜಿರಿಸ್ ಬಂದರಿನ ಹೆಸರಿರುವ ಎರಡನೆಯ ಶತಮಾನದ ಪಪೈರಸ್ ವಿಯೆನ್ನಾದಲ್ಲಿದೆ. ಅದು 1985ರಲ್ಲಿ ಪ್ರಕಟವಾಯಿತು. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯೊಂದರಲ್ಲಿ ಭಾರತದ ಜಾಡಿಯಲ್ಲಿ ಏಳು ಕಿಲೋಗೂ ಮಿಕ್ಕಿದ ಕರಿಮೆಣಸು ಸಿಕ್ಕಿದೆ. ಅಲ್ಲೂ ಕುಸೈರ್ ಅಲ್ ಖದೀಮ್‌ನಲ್ಲೂ ತಮಿಳು ಬ್ರಾಹ್ಮಿಯಲ್ಲಿ ಹೆಸರು ಗೀಚಿದ ಮಡಕೆ ಚೂರುಗಳು ಸಿಕ್ಕಿವೆ. ದಕ್ಷಿಣದ ಭಾಷೆಗಳ ಸದ್ದು ಆ ಬಂದರುಗಳಲ್ಲಿ ಕೇಳುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. ಅಂಥ ಸದ್ದು ಕೇಳಿದ ನಾವಿಕನೊಬ್ಬನ ನೆನಪು ನಾಟಕಕಾರನ ಕಿವಿಗೆ ಬಿದ್ದು, ನಾಲ್ಕು ನಿಜವಾದ ಪದಗಳು ತೊದಲಿನ ನಡುವೆ ಸೇರಿಕೊಂಡಿದ್ದರೆ ಅಸಂಭವವೇನಲ್ಲ. ಅಸಂಭವವಲ್ಲ ಎಂಬುದಕ್ಕೂ ಸಿದ್ಧವಾಗಿದೆ ಎಂಬುದಕ್ಕೂ ಇರುವ ದೂರವೇ ಇಲ್ಲಿ ಮುಖ್ಯ.

ಕನ್ನಡನಾಡಿನ ಪ್ರಾಚೀನತೆ ಈ ಪ್ರಹಸನವನ್ನೇ ನೆಚ್ಚಿ ಕೂತಿಲ್ಲ ಎಂಬುದನ್ನೂ ನೆನೆಯಬೇಕು. ಕ್ರಿ.ಶ. 150ರ ಸುಮಾರಿಗೆ ಟಾಲೆಮಿ ತನ್ನ ಭೂಗೋಳದಲ್ಲಿ ‘ಬನಔಅಸೆಯ್’ ಎಂದು ಬರೆದದ್ದು ಬನವಾಸಿ. ಅದನ್ನು ಯಾರೂ ಅನುಮಾನಿಸುವುದಿಲ್ಲ, ಏಕೆಂದರೆ ಬನವಾಸಿ ಇದೆ, ಅದರ ಶಾಸನಗಳಿವೆ, ಹೆಸರು ಸತತವಾಗಿ ಉಳಿದುಬಂದಿದೆ. ಗ್ರೀಕ್ ಲಿಪಿಯಲ್ಲಿ ನಮ್ಮ ನೆಲದ ಪದ ಬೇಕೆಂದರೆ ಅದು ಅಲ್ಲಿದೆ, ಸಾಕ್ಷಿ ಸಮೇತ.

ಉಡುಪಿ, ಮಣಿಪಾಲದ ವಿದ್ಯಾರ್ಥಿಗಳಿಗೆ ಇದರಲ್ಲಿ ಮಾಡಲು ಕೆಲಸವಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟಗಳು ಬಂದವು. ಹುಲ್ಟ್ಶ್, ಗೋವಿಂದ ಪೈ, ಸಾಲೆತ್ತೂರರಿಗೆ ಇಲ್ಲದಿದ್ದ ಸಲಕರಣೆ ಇದು. ಪ್ರಹಸನದ ಅಕ್ಷರಸರಣಿಗಳನ್ನು ಮೊದಲು ಆ ಕಾಲದ ಗ್ರೀಕ್ ಉಚ್ಚಾರಣೆಗೆ ತಿರುಗಿಸಿ, ಧ್ವನಿನಿಯಮಗಳನ್ನು ಮೊದಲೇ ಬರೆದಿಟ್ಟುಕೊಂಡು, ಹೊಂದದ ಪದಗಳನ್ನೂ ಹೊಂದುವ ಪದಗಳಷ್ಟೇ ನಿಷ್ಠೆಯಿಂದ ಎಣಿಸಿ ನೋಡಿದರೆ ಒಂದು ಒಳ್ಳೆಯ ಪ್ರಬಂಧವಾದೀತು. ಉತ್ತರ ಕನ್ನಡ ಎಂದಾಗಲಿ, ತುಳು ಎಂದಾಗಲಿ, ಬರೀ ತೊದಲು ಎಂದಾಗಲಿ ಬರಲಿ. ಲೆಕ್ಕ ಎದುರಿಗಿದ್ದರೆ ಓದಿದವರು ಒಪ್ಪಬಹುದು ಅಥವಾ ತಿದ್ದಬಹುದು. ಅಲ್ಲಿಯವರೆಗೆ ವೇದಿಕೆಯ ಮೇಲೆ ಹೇಳಬಹುದಾದ ಮಾತು ಇಷ್ಟು: ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಅರಸನೊಬ್ಬ ತನ್ನ ಭಾಷೆಯಲ್ಲಿ ಮಾತಾಡುತ್ತಾನೆ; ಅದು ಕನ್ನಡವೆಂದು ಓದಿದ ಪಂಡಿತರಿದ್ದಾರೆ, ಅವರ ಓದಿಗೆ ಒಂದು ವಾಕ್ಯದ ಮಟ್ಟಿಗೆ ಬಲವಿದೆ, ಉಳಿದದ್ದಕ್ಕೆ ಸಾಕ್ಷಿ ಇನ್ನೂ ಬರಬೇಕಾಗಿದೆ.